ಮರಿ ಸುರಿದವರೂ ಗಾಳ ಹಾಕಿದವರೂ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮೊಬೈಲಿಗೆ ಒಂದು ಛಾಯಾಚಿತ್ರವನ್ನು ಕಳುಹಿಸಿದ್ದರು. ಹೊಳೆಯ ದಂಡೆ, ಶಾಮಿಯಾನ, ಹಾರ ಧರಿಸಿದ ನಾಲ್ವರು ಗಣ್ಯರು. ನಾಲ್ವರೂ ಒಟ್ಟಿಗೆ ಬಾಗಿ, ಒಂದೇ ಪ್ಲಾಸ್ಟಿಕ್ ಚೀಲವನ್ನು ಎಂಟು ಕೈಗಳಿಂದ ಹಿಡಿದು, ಮೀನುಮರಿಗಳನ್ನು ನೀರಿಗೆ ಸುರಿಯುತ್ತಿದ್ದಾರೆ. ಕಣ್ಣು ಮಾತ್ರ ಮೀನಿನ ಕಡೆಗಿಲ್ಲ, ಕ್ಯಾಮೆರಾದ ಕಡೆಗಿದೆ. ಚಿತ್ರದ ಕೆಳಗೆ ಶಿಷ್ಯರು ಬರೆದಿದ್ದರು: “ಸಾರ್, ನೀವು ಪಾಠದ ನಡುವೆ ಹೇಳುತ್ತಿದ್ದ ಬಿಳಿಮೀನು ಕಾವೇರಿಗೆ ಮರಳಿ ಬಂತು. ಸಂತೋಷಪಡಿ.”

ನನಗೆ ಸಂತೋಷವಾಗಲಿಲ್ಲ. ಏಕೆ ಆಗಲಿಲ್ಲವೆಂಬುದನ್ನು ಹೆಬ್ಬೆರಳಿನಿಂದ ಒತ್ತಿ ಎರಡು ಸಾಲಿನಲ್ಲಿ ಹೇಳುವ ವಿದ್ಯೆ ನನಗೆ ಒಲಿದಿಲ್ಲ. ಆದ್ದರಿಂದ ಈ ದೀರ್ಘ ಉತ್ತರ. ಇದು ಆ ಒಬ್ಬರಿಗೆ ಮಾತ್ರವಲ್ಲ, ಇಂತಹ ಚಿತ್ರಗಳನ್ನು ನೋಡಿ ಕೈಮುಗಿಯುವ ನಮ್ಮೆಲ್ಲರಿಗೂ ಬರೆದದ್ದು. ಹಾಗೆ ಕೈಮುಗಿದವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಹಲಗೂರಿನ ಕಡೆಯ ಪ್ರೌಢಶಾಲೆಗೆ ಸಹಶಿಕ್ಷಕನಾಗಿ ಸೇರಿದ್ದು 1976ರಲ್ಲಿ. ಮೀನಿನ ವಾಸನೆಯನ್ನು ಕಂಡರೆ ಮೂಗು ಮುಚ್ಚುವ ಮನೆತನದಿಂದ ಬಂದವನು. ಆದರೆ ಆ ಸೀಮೆಯಲ್ಲಿ ಹೊಳೆಯನ್ನು ಬಿಟ್ಟು ಪಾಠ ಹೇಳುವುದು ಸಾಧ್ಯವಿರಲಿಲ್ಲ. ತರಗತಿಯ ಅರ್ಧದಷ್ಟು ಮಕ್ಕಳ ಬದುಕು ಮುತ್ತತ್ತಿ, ಭೀಮೇಶ್ವರಿಗಳ ಕಡೆಯ ನೀರಿನೊಡನೆ ಹೆಣೆದುಕೊಂಡಿತ್ತು. ಸೀತಾದೇವಿಯ ಮೂಗುತಿ ಕಾವೇರಿಯಲ್ಲಿ ಬಿದ್ದುಹೋದಾಗ ಹನುಮಂತನು ಬಾಲದಿಂದ ಮಡುವನ್ನು ಕಡೆದು ಅದನ್ನು ಎತ್ತಿಕೊಟ್ಟನೆಂಬ ಮುತ್ತೆತ್ತರಾಯನ ಕಥೆಯನ್ನು ನನಗೆ ಹೇಳಿದವರು ಆ ಮಕ್ಕಳೇ. ಆ ಮಡುವಿನ ತಳದಲ್ಲಿ ಹೆಂಗಸಿನಷ್ಟು ಉದ್ದದ ಮೀನುಗಳಿವೆ, ಅವುಗಳ ಬೆನ್ನು ಗೂನಾಗಿದೆ, ಬಾಲ ಕೆಂಡದ ಬಣ್ಣ ಎಂದು ಹೇಳಿದವರೂ ಅವರೇ. ಮೂಗುತಿಯ ಕಥೆಯಂತೆ ಇದೂ ಒಂದು ಕಥೆ ಎಂದುಕೊಂಡಿದ್ದೆ. 1983ರಲ್ಲಿ ಮಕ್ಕಳನ್ನು ಮುತ್ತತ್ತಿಗೆ ಪ್ರವಾಸ ಕರೆದುಕೊಂಡು ಹೋದಾಗ ಬೆಸ್ತರೊಬ್ಬರು ಅಂತಹದೊಂದನ್ನು ಹರಿಗೋಲಿನಿಂದ ಎತ್ತಿ ದಂಡೆಯ ಮೇಲೆ ಮಲಗಿಸಿದರು. ಮೊರದಗಲದ ಹುರುಪೆಗಳು, ಪ್ರತಿಯೊಂದಕ್ಕೂ ಹಿತ್ತಾಳೆಯ ಅಂಚು ಕಟ್ಟಿದಂತಹ ಹೊಳಪು. (‘ಮೊರದಗಲ’ ಎಂದದ್ದು ಅತಿಶಯೋಕ್ತಿ. ಅಂಗೈಯಗಲ ಎಂದು ತಿದ್ದಿಕೊಳ್ಳಿ. ವ್ಯಾಕರಣದ ಮೇಷ್ಟರಿಗೂ ಅಲಂಕಾರದ ಚಪಲ ಬಿಟ್ಟಿಲ್ಲ.) ನೆತ್ತಿಯಿಂದಲೇ ಏರಿದ ಗೂನು ಬೆನ್ನಿನ ರೆಕ್ಕೆಯವರೆಗೂ ಹಬ್ಬಿತ್ತು. ಬಾಲ ನಿಜವಾಗಿಯೂ ಕೆಂಡದ ಬಣ್ಣದ್ದೇ.

ಅದು ಬಿಳಿಮೀನು. ದೇವಸ್ಥಾನದ ಮಡುಗಳಲ್ಲಿ ಅದರ ಬಳಗಕ್ಕೆ ದೇವರ ಮೀನೆಂದು ಹೆಸರು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದಲ್ಲಿ, ಶಿಶಿಲದಲ್ಲಿ ನೀವೆಲ್ಲ ಮಂಡಕ್ಕಿ ಎಸೆದು ನೋಡಿದ್ದೀರಿ. ಇಂಗ್ಲಿಷರಿಗೆ ಅದು ಮಹಶೀರ್. ಮದರಾಸು ಸಿವಿಲ್ ಸರ್ವಿಸ್‌ನ ಎಚ್. ಎಸ್. ಥಾಮಸ್ ಎಂಬ ಅಧಿಕಾರಿ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಲ್ಲಿ, ಗಾಳಕ್ಕೆ ಬಿದ್ದ ಮಹಶೀರಿನ ಸೆಣಸಾಟದ ಮುಂದೆ ತನ್ನ ನಾಡಿನ ಸಾಲ್ಮನ್ ಸಹ ಕಡಿಮೆಯೆಂದು ವಾದಿಸಿದ. ಸಾಲ್ಮನ್ ಎಂದರೆ ಆ ಜನಕ್ಕೆ ಮೀನುಗಳ ರಾಜ. ಹಾಗಿದ್ದೂ ಆ ಮಾತನ್ನು ಬರೆದ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತು, ಅಂದರೆ ಸುಮಾರು 54 ಕಿಲೋ. ಮುಂದೆ 1978ರಲ್ಲಿ ಮೂವರು ಇಂಗ್ಲಿಷ್ ತರುಣರು ಕಾವೇರಿಗೆ ಬಂದು 92 ಪೌಂಡಿನದನ್ನು ಹಿಡಿದಾಗ, ಸತ್ತೇಹೋಯಿತೆಂದು ಹೊರಗಿನವರು ಭಾವಿಸಿದ್ದ ಈ ಮೀನು ಮತ್ತೆ ಲೋಕಪ್ರಸಿದ್ಧವಾಯಿತು.

ಇನ್ನು ನನ್ನ ತಪ್ಪೊಪ್ಪಿಗೆ. ಪ್ರವಾಸದ ಮರುವರ್ಷವೇ, 1984ರಲ್ಲಿ, ಒಂದು ಇಲಾಖೆಯವರು ಶಾಲೆಗೆ ಬಂದು, ಹೊಳೆಯಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ, ಮರಿ ಬಿಡುವ ಕಾರ್ಯಕ್ರಮವಿದೆ, ಮಕ್ಕಳನ್ನು ಕರೆತನ್ನಿ ಎಂದರು. ಕರೆದುಕೊಂಡು ಹೋದೆ. ಗಾಳಿ ತುಂಬಿದ ಚೀಲಗಳಲ್ಲಿ ಬೆರಳುದ್ದದ ಮರಿಗಳು ಮಿಂಚುತ್ತಿದ್ದವು. ಒಬ್ಬೊಬ್ಬ ಹುಡುಗನ ಕೈಗೂ ಒಂದೊಂದು ಚೀಲ. ನಾನು ಮತ್ಸ್ಯಾವತಾರದಿಂದ ಆರಂಭಿಸಿ ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಮನುವು ಬೊಗಸೆಯ ಮೀನನ್ನು ಕಾಪಾಡಿದಂತೆ ನೀವೂ ಕಾಪಾಡಿರಿ ಎಂದೆ. ಚಪ್ಪಾಳೆ ಬಿತ್ತು. ಈ ಮರಿಗಳು ಎಲ್ಲಿಯವು, ಯಾವ ಹೊಳೆಯವು, ಇವುಗಳ ತಾಯಿ ಯಾವುದು ಎಂದು ನಾನು ಕೇಳಲಿಲ್ಲ. ಊರಿಗೆ ಹೊಸ ಹುಡುಗನೊಬ್ಬ ಶಾಲೆಗೆ ಸೇರಲು ಬಂದರೆ ತಂದೆಯ ಹೆಸರು, ಹಿಂದಿನ ಶಾಲೆ, ವರ್ಗಾವಣೆ ಪತ್ರ ಎಂದು ಹತ್ತು ಪ್ರಶ್ನೆ ಕೇಳುತ್ತಿದ್ದವನು, ಒಂದು ನದಿಗೆ ಸಾವಿರಾರು ಹೊಸಬರು ಸೇರುವಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಉತ್ತರ ಬಹಳ ವರ್ಷಗಳ ಮೇಲೆ ದೊರೆಯಿತು. ನಮ್ಮ ದೇಶದಲ್ಲಿ ಮಹಶೀರ್ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಬೆಳೆಸಿ ಹಂಚಿದ್ದು ಮಹಾರಾಷ್ಟ್ರದ ಲೋಣಾವಳದಲ್ಲಿರುವ ಟಾಟಾ ವಿದ್ಯುತ್ ಸಂಸ್ಥೆಯ ಮರಿಕೇಂದ್ರ. ಸದುದ್ದೇಶದ ಕೆಲಸ, ದೊಡ್ಡ ಕೆಲಸ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಬೆಳೆದದ್ದು ನೀಲಿ ರೆಕ್ಕೆಯ ಮಹಶೀರ್, ಶಾಸ್ತ್ರದಲ್ಲಿ ಟಾರ್ ಖುದ್ರೀ. ಕರ್ನಲ್ ಸೈಕ್ಸ್ ಎಂಬಾತ 1839ರಲ್ಲಿ ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನನ್ನು ನೋಡಿ ಆ ಹೆಸರಿಟ್ಟ. ಅದು ಕೃಷ್ಣೆಯ ಬಳಗದ ಮೀನು. 1970ರ ದಶಕದಿಂದ ಅದರ ಮರಿಗಳು ಕಾವೇರಿಗೆ ಬಂದವು. ಮಹಶೀರ್ ಎಂದರೆ ಮಹಶೀರ್, ಯಾವುದಾದರೇನು ಎಂಬುದು ಅಂದಿನ ಎಲ್ಲರ ಭಾವನೆ. ಇಂದಿನ ಬಹುಮಂದಿಯ ಭಾವನೆಯೂ ಅದೇ. ಈ ಲೇಖನಕ್ಕೆ ಕಾರಣವೂ ಅದೇ.

ಇದರಿಂದಾದದ್ದೇನೆಂಬುದನ್ನು ತಿಳಿಸಿದವರು ಯಾರು ಬಲ್ಲಿರಾ? ಯಾವ ಕಚೇರಿಯೂ ಅಲ್ಲ. ಗಾಳ ಹಾಕುವ ಹವ್ಯಾಸಿಗಳು. ಕಾವೇರಿಯ ಸಂಗಮದ ಮೇಲಣ ಗಾಳಿಬೋರೆಯಲ್ಲಿ ಹಿಡಿದು ಬಿಡುವ ಪದ್ಧತಿಯ ಶಿಬಿರವಿತ್ತು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮರಳಿ ನೀರಿಗೆ ಬಿಡಬೇಕು. ಕೊಂದರೆ ಮರುದಿನವೇ ಮನೆಗೆ. 1998ರಿಂದ 2012ರವರೆಗಿನ ಆ ದಿನಚರಿ ಪುಸ್ತಕಗಳನ್ನು ಇಂಗ್ಲೆಂಡಿನ ಆಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಕುಳಿತು ಲೆಕ್ಕ ಹಾಕಿದರು. ಏಳು ಕಿಲೋಮೀಟರ್ ಹೊಳೆ, 23,620 ಗಂಟೆಗಳ ಗಾಳ, 6,161 ಮೀನು. ವರ್ಷ ಕಳೆದಂತೆ ಗಾಳಕ್ಕೆ ಬೀಳುವ ಮೀನಿನ ಸಂಖ್ಯೆ ಏರುತ್ತಲೇ ಹೋಗಿತ್ತು. ಮೇಲುನೋಟಕ್ಕೆ ಶುಭವಾರ್ತೆ. ಆದರೆ ಆ ಮೀನುಗಳಲ್ಲಿ ನೂರಕ್ಕೆ ತೊಂಬತ್ತೈದು ನೀಲಿ ರೆಕ್ಕೆಯವು. ಉಳಿದ ಐದರಷ್ಟು ಮಾತ್ರ ನಮ್ಮ ಗೂನುಬೆನ್ನಿನ ಹೊಂಬಣ್ಣದವು. ಅವು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದವು. ಒಟ್ಟು ಮೊತ್ತ ಏರುತ್ತಿದ್ದುದರಿಂದ ಒಳಗಿನ ಇಳಿತ ಯಾರ ಕಣ್ಣಿಗೂ ಬೀಳಲಿಲ್ಲ. ತರಗತಿಯ ಸರಾಸರಿ ಅಂಕ ಏರಿತೆಂದು ತನಿಖಾಧಿಕಾರಿಗಳು ಶಹಭಾಸ್ ಹೇಳಿಹೋದ ಮೇಲೆ, ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗ ಶಾಲೆ ಬಿಟ್ಟು ತಿಂಗಳಾಯಿತೆಂದು ನಮಗೆ ತಿಳಿಯುವುದುಂಟಲ್ಲ, ಹಾಗೆ.

ಇನ್ನೂ ಖೇದದ ಸಂಗತಿಯೆಂದರೆ, ಆ ಹೊತ್ತಿಗೆ ನಮ್ಮ ಮೀನಿಗೆ ಶಾಸ್ತ್ರೀಯವಾಗಿ ಇದೇ ಎಂಬ ಹೆಸರು ಸಹ ನಿಶ್ಚಯವಾಗಿರಲಿಲ್ಲ. ಜಗತ್ತಿನ ಗಾಳಗಾರರೆಲ್ಲ ನೂರೈವತ್ತು ವರ್ಷ ಕೊಂಡಾಡಿದ ಮೀನು ಟಾರ್ ರೆಮಾದೇವಿಯೇ ಎಂದು ಗೊತ್ತಾದದ್ದು 2018ರಲ್ಲಿ. ಅದಕ್ಕೆ ಬೇಕಾದ ಮಾದರಿಗಳು ದೊರೆತದ್ದು ಕಾವೇರಿಯ ಮುಖ್ಯ ಪ್ರವಾಹದಲ್ಲಲ್ಲ, ನೀಲಗಿರಿಯ ಬುಡದ ಮೋಯಾರ್ ನದಿಯಲ್ಲಿ. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಪಾಯದಲ್ಲಿದೆ’ ಎಂಬ ವರ್ಗಕ್ಕೆ ಸೇರಿತು. ಹುಲಿ ಇರುವುದು ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದ ವರ್ಗದಲ್ಲಿ. ಹುಲಿಗಾಗಿ ನಾವು ಎಷ್ಟು ಯೋಜನೆ ಮಾಡಿದೆವು, ಎಷ್ಟು ಅಂಚೆಚೀಟಿ ಅಚ್ಚು ಹಾಕಿಸಿದೆವು! ನೀರಿನ ಕೆಳಗಿರುವುದಕ್ಕೆ ಕಣ್ಣೀರೂ ಕಾಣುವುದಿಲ್ಲ.

ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂಬ ಗಾದೆಯುಂಟು. ಮರಿ ಬಿಡುವುದು ಅಷ್ಟೇ ಆಗಿದ್ದರೆ, ವ್ಯರ್ಥಶ್ರಮ ಮಾತ್ರವಾಗಿದ್ದರೆ, ನಾನು ಇಷ್ಟು ಬರೆಯುತ್ತಿರಲಿಲ್ಲ. ಇದು ವ್ಯರ್ಥವಲ್ಲ, ಅನರ್ಥ. ಒಂದೇ ಮಡು, ಒಂದೇ ಏಡಿ, ಒಂದೇ ಕಪ್ಪೆಚಿಪ್ಪು, ಮುಂಗಾರಿನಲ್ಲಿ ಮೊಟ್ಟೆಯಿಡಲು ಒಂದೇ ಹರಳುಗಲ್ಲಿನ ಹಾಸು. ಅದಕ್ಕೆ ಹೊರಗಿನಿಂದ ಬಲವಾದ ದಾಯಾದಿಯನ್ನು ವರ್ಷವರ್ಷವೂ ತಂದು ಸುರಿದರೆ ಮನೆಯ ಮಗನ ಗತಿಯೇನು? ಇಬ್ಬರೂ ಒಂದೇ ಜಾತಿಯ ಬಳಗವಾದ್ದರಿಂದ ಬೆರಕೆಯ ಭಯವೂ ಇದೆ.

ಇದು ನಮ್ಮೊಬ್ಬರ ಮೂಢತನವೆಂದು ತಿಳಿಯಬೇಡಿ. 2014ರಲ್ಲಿ ಮಗಳ ಮನೆಗೆಂದು ಸಿಯಾಟಲ್‌ಗೆ ಹೋಗಿದ್ದಾಗ ಅಳಿಯ ನನ್ನನ್ನು ಬ್ಯಾಲರ್ಡ್ ಎಂಬಲ್ಲಿಗೆ ಕರೆದೊಯ್ದರು. ಅಲ್ಲಿ ಸಾಲ್ಮನ್ ಮೀನುಗಳು ಸಮುದ್ರದಿಂದ ಸರೋವರಕ್ಕೆ ಏರಲೆಂದು ನೀರಿನ ಮೆಟ್ಟಿಲು ಕಟ್ಟಿದ್ದಾರೆ. ಗಾಜಿನ ಕಿಟಕಿಯ ಈಚೆ ನಿಂತು ನೋಡಬಹುದು. ಎಳೆಯ ಮಕ್ಕಳು ಕಿಟಕಿಗೆ ಮೂಗು ಒತ್ತಿ ನಿಂತಿದ್ದವು; ನಾನೂ ಒತ್ತಿದೆ. ಪ್ರವಾಹಕ್ಕೆ ಎದುರಾಗಿ, ಹರಿದ ರೆಕ್ಕೆಗಳನ್ನು ಬಡಿಯುತ್ತ, ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಅವು ಏರುವುದನ್ನು ನೋಡಿ ನನಗೆ ಮುತ್ತತ್ತಿಯ ದಂಡೆಯ ಮೀನು ನೆನಪಾಯಿತು. ಆ ಸೀಮೆಯ ನದಿಗಳಲ್ಲಿಯೂ ಅಣೆಕಟ್ಟು ಕಟ್ಟಿದರು, ಮೀನು ಕಡಿಮೆಯಾಯಿತು, ಪರಿಹಾರವೆಂದು ಮರಿಕೇಂದ್ರಗಳನ್ನು ತೆರೆದು ಕೋಟ್ಯಂತರ ಮರಿ ಬಿಟ್ಟರು. ಹತ್ತೊಂಬತ್ತನೆಯ ಶತಮಾನದಿಂದಲೇ ಬಿಡುತ್ತ ಬಂದರು. ಆದರೂ 1991ರಲ್ಲಿ ಸ್ನೇಕ್ ನದಿಯ ಸಾಕೈ ಸಾಲ್ಮನ್ ಅಪಾಯದ ಪಟ್ಟಿಗೆ ಸೇರಿತು, ಅನಂತರ ಇನ್ನೂ ಹಲವು ಸೇರಿದವು. ತೊಟ್ಟಿಯಲ್ಲಿ ಬೆಳೆದದ್ದು ಹೊಳೆಯ ಮೀನಿನೊಡನೆ ಬೆರೆತಾಗ ಸಂತಾನದ ಕಸುವು ತಗ್ಗುತ್ತದೆಂದು ಅಲ್ಲಿನವರು ಪೆಟ್ಟು ತಿಂದು ಕಲಿತರು. ಕಲಿತದ್ದರಿಂದ ಒಂದು ಕೆಲಸ ಮಾಡಿದರು: ಮರಿಕೇಂದ್ರದ ಮೀನುಗಳ ಬೆನ್ನಿನ ಹಿಂಭಾಗದ ಚಿಕ್ಕ ರೆಕ್ಕೆಯೊಂದನ್ನು ಕತ್ತರಿಸಿ ಬಿಡುತ್ತಾರೆ. ಗಾಳಕ್ಕೆ ಬಿದ್ದದ್ದರಲ್ಲಿ ಆ ರೆಕ್ಕೆ ಇದ್ದರೆ ಅದು ಕಾಡುಮೀನು. ಎಷ್ಟೋ ನದಿಗಳಲ್ಲಿ ಅದನ್ನು ಮರಳಿ ಬಿಡಲೇಬೇಕು. ಗಾಳ ಹಾಕುವವನಿಗೆ ತನ್ನದು ಯಾವುದು, ಪರರದು ಯಾವುದು ಎಂದು ಗೊತ್ತು. ನಾವು ಸುರಿದದ್ದಕ್ಕೆ ಗುರುತೂ ಇಲ್ಲ, ಲೆಕ್ಕವೂ ಇಲ್ಲ. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ, ಕ್ಲಾಮತ್ ನದಿಯ ನಾಲ್ಕನ್ನು 2024ರ ಹೊತ್ತಿಗೆ ಅವರು ಒಡೆದೇ ತೆಗೆದರು. ಕ್ಲಾಮತ್‌ನಲ್ಲಿ ಕೆಲವೇ ವಾರಗಳೊಳಗೆ ಸಾಲ್ಮನ್ ಮೇಲೇರಿದವಂತೆ. ಕನ್ನಂಬಾಡಿಯನ್ನು ಒಡೆಯಿರೆಂದು ನಾನು ಹೇಳುತ್ತಿಲ್ಲ. ಮಂಡ್ಯದ ಬಂಧುಗಳು ಕೋಪಿಸಿಕೊಳ್ಳಬಾರದು.

ಈಗ ಗಾಳದವರ ವಿಷಯ. ಇಲ್ಲಿ ನನ್ನ ಹಲವು ಬಂಧುಗಳು ಅಸಮಾಧಾನಗೊಳ್ಳುವರೆಂದು ಬಲ್ಲೆ.

1987ರಲ್ಲಿ ಕಾವೇರಿ ವನ್ಯಜೀವಿಧಾಮ ಘೋಷಣೆಯಾಯಿತು. 2002ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯಿದೆಯ ‘ಪ್ರಾಣಿ’ ಎಂಬ ಪದದೊಳಗೆ ಮೀನೂ ಸೇರಿತು. ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ, ಅಭಯಧಾಮದಲ್ಲಿ ಬೇಟೆ ನಿಷಿದ್ಧ, ಆದುದರಿಂದ ಗಾಳವೂ ನಿಷಿದ್ಧ. ತರ್ಕದಲ್ಲಿ ದೋಷವಿಲ್ಲ. 2012ರ ಹೊತ್ತಿಗೆ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಗಾಳ ನಿಂತಿತು. ಅಹಿಂಸಾಪ್ರಿಯರಾದ ನನ್ನ ಸೋದರಮಾವನ ಮಗ ಅಂದು ದೂರವಾಣಿ ಮಾಡಿ, “ಅಂತೂ ಪಾಪ ತೊಲಗಿತು” ಎಂದು ಹರ್ಷಪಟ್ಟರು.

ಆದರೆ ಹೊಳೆಯ ಮೀನನ್ನು ಕೊಲ್ಲುತ್ತಿದ್ದುದು ಗಾಳವೇ? ಅಲ್ಲ. ತೋಟಾ. ಕಲ್ಲುಗಣಿಯ ಸಿಡಿಮದ್ದನ್ನು ಕಟ್ಟಿ ಮಡುವಿಗೆ ಎಸೆದರೆ ಒಂದು ಕ್ಷಣದಲ್ಲಿ ದೊಡ್ಡದು, ಚಿಕ್ಕದು, ಮೊಟ್ಟೆ, ಮರಿ ಎಲ್ಲವೂ ಸಾಯುತ್ತವೆ. ತೇಲಿಬಂದಷ್ಟನ್ನು ಬಾಚಿಕೊಳ್ಳುತ್ತಾರೆ, ಮುಳುಗಿದ್ದು ಅಲ್ಲೇ ಕೊಳೆಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ನನ್ನ ಒಬ್ಬ ಶಿಷ್ಯನ ವಿಷಯ ಹೇಳುತ್ತೇನೆ. ಹೆಸರು ಬೇಡ, ನಿಮ್ಮಲ್ಲಿ ಆ ವರ್ಷದವರು ಊಹಿಸಬಲ್ಲಿರಿ. ಹರಿಗೋಲಿನವರ ಮಗ. 1984ರ ಆ ದಿನ ಮರಿಯ ಚೀಲ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಅವನೂ ಒಬ್ಬ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ಮತ್ತೆ ಕಟ್ಟಲಿಲ್ಲ. ತೋಟಾ ಎಸೆಯುವವರ ಜೊತೆ ಸೇರಿದ. ಒಂದು ರಾತ್ರಿ ಅದು ಕೈಯಲ್ಲೇ ಸಿಡಿದು ಎಡಗೈಯ ಎರಡು ಬೆರಳು ಹೋದವು. ಮಂಡ್ಯದ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮುಖ ತಿರುಗಿಸಿ ಮಲಗಿದ್ದ. ಕೆಲವು ವರ್ಷಗಳ ತರುವಾಯ ಗಾಳದ ಶಿಬಿರವೊಂದರಲ್ಲಿ ಅವನನ್ನು ಮಾರ್ಗದರ್ಶಿಯೆಂದು ತೆಗೆದುಕೊಂಡರು. ಹೊಳೆಯ ಕಳ್ಳರನ್ನೇ ಹೊಳೆಯ ಕಾವಲಿಗೆ ನೇಮಿಸುವುದು ಆ ಶಿಬಿರಗಳ ನೀತಿಯಾಗಿತ್ತು, ಜಾಣತನದ ನೀತಿ. ಯಾವ ಬಂಡೆಯ ಹಿಂದೆ ಮೀನು ನಿಲ್ಲುತ್ತದೆಂದು ಬಲ್ಲವನಿಗೆ ಯಾವ ಬಂಡೆಯ ಹಿಂದೆ ಕಳ್ಳ ನಿಲ್ಲುತ್ತಾನೆಂಬುದೂ ತಿಳಿದಿರುತ್ತದೆ. ನಿಂಬೆಗಾತ್ರದ ರಾಗಿಮುದ್ದೆಯನ್ನು ಕೊಕ್ಕೆಗೆ ಮೆತ್ತಿ, ಬಿಳಿಯ ಸಾಹೇಬರಿಗೆ ಹರಿಗೋಲು ಹಾಕಿ, ಸಂಜೆ ಪುಸ್ತಕದಲ್ಲಿ ತೂಕ ಬರೆಸುತ್ತಿದ್ದ. ಅವನ ಮಕ್ಕಳಿಬ್ಬರೂ ಆ ಸಂಬಳದಲ್ಲಿ ಓದಿದರು. ಒಮ್ಮೆ ಯುಗಾದಿಗೆ ಮನೆಗೆ ಬಂದಾಗ, ಅದು 2009 ಇರಬೇಕು, “ಸಾರ್, ಕೆಂಪು ಬಾಲದ್ದು ಕಣ್ಣಿಗೆ ಬೀಳ್ತಾನೇ ಇಲ್ಲ. ಎಲ್ಲಾ ನೀಲಿದೇ” ಎಂದ. ಅಷ್ಟು ಹೊತ್ತಿಗೆ ಯಾವ ವಿಜ್ಞಾನಿಯ ಲೇಖನವೂ ಪ್ರಕಟವಾಗಿರಲಿಲ್ಲ. ನಾನು ಒಬ್ಬಟ್ಟು ಬಡಿಸುತ್ತ, “ಯಾವುದಾದರೇನಪ್ಪ, ಮೀನು ತಾನೆ” ಎಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಗಾಳ ನಿಂತ ಮೇಲೆ ಅವನ ಕೆಲಸವೂ ನಿಂತಿತು. ಇಂದು ಬೆಂಗಳೂರಿನ ಒಂದು ಬಹುಮಹಡಿ ಕಟ್ಟಡಕ್ಕೆ ರಾತ್ರಿಯ ಕಾವಲುಗಾರ. ಮೂರು ನೂರು ಕಾರುಗಳನ್ನು ಕಾಯುತ್ತಾನೆ. ಅವನು ಕಾಯುತ್ತಿದ್ದ ಮಡುಗಳ ಬಳಿ ರಾತ್ರಿ ತೋಟಾದ ಸದ್ದು ಮರಳಿದೆಯೆಂದು ಊರಿಗೆ ಹೋದಾಗಲೆಲ್ಲ ಕೇಳಿ ಬಂದು ಹೇಳುತ್ತಾನೆ. ಅರಣ್ಯದ ಕಾವಲಿನವರನ್ನು ನಾನು ದೂರುವುದಿಲ್ಲ. ಆನೆ, ಶ್ರೀಗಂಧ, ಬೆಂಕಿ ಎಲ್ಲವನ್ನೂ ನೋಡಬೇಕಾದ ಬೆರಳೆಣಿಕೆಯ ಜನ ನೀರಿನ ತಳವನ್ನೂ ಕಾಯುವುದು ಹೇಗೆ? ಮೀನಿನ ಮೇಲೆ ಮೋಹವಿದ್ದು, ಆ ಮೋಹಕ್ಕಾಗಿ ಹಣ ತೆತ್ತು, ಮುಂಜಾವದಿಂದ ಮುಸ್ಸಂಜೆಯವರೆಗೆ ದಂಡೆಯಲ್ಲಿ ಕುಳಿತಿರುತ್ತಿದ್ದವರನ್ನು ಎಬ್ಬಿಸಿ ಕಳುಹಿಸಿದೆವು. ಅವರ ಸ್ಥಾನದಲ್ಲಿ ಯಾರನ್ನೂ ಕೂರಿಸಲಿಲ್ಲ.

ಮೋಜಿಗಾಗಿ ಮೂಕಪ್ರಾಣಿಯ ತುಟಿಗೆ ಕೊಕ್ಕೆ ಹಾಕುವುದು ಹೊಟ್ಟೆಗಾಗಿ ಕೊಲ್ಲುವುದಕ್ಕಿಂತ ಕೀಳೆಂದು ನನ್ನ ಬಂಧುಗಳು ವಾದಿಸುತ್ತಾರೆ. ಹಗುರವಾದ ವಾದವಲ್ಲ. ನಾನು ಆ ಶಿಬಿರಕ್ಕೆ ಒಮ್ಮೆ ಹೋಗಿ, ಮುಕ್ಕಾಲು ಗಂಟೆ ಸೆಣಸಿ ದಣಿದು ದಂಡೆಗೆ ಬಂದ ಮೀನಿನ ಕಿವಿರು ಬಡಿದುಕೊಳ್ಳುವುದನ್ನು ನೋಡಿ ಕಣ್ಣು ಬೇರೆ ಕಡೆಗೆ ತಿರುಗಿಸಿದವನು. ಬಿಟ್ಟ ಮೀನುಗಳೆಲ್ಲ ಬದುಕುತ್ತವೆಂದೂ ನಾನು ಹೇಳಲಾರೆ. ಗಾಳದವರು ದೇವತೆಗಳೂ ಅಲ್ಲ. ಅವರ ಅಜ್ಜಂದಿರು ಕೊಂದು ಗೋಡೆಗೆ ನೇತುಹಾಕಿದ ಮೀನುಗಳಿಗೆ ಲೆಕ್ಕವಿಲ್ಲ, ಗಾಳಕ್ಕೆ ಮೀನು ಹೆಚ್ಚು ಬೀಳುತ್ತಿದೆಯೆಂದು ಹಿಗ್ಗಿ ನೀಲಿ ರೆಕ್ಕೆಯನ್ನು ಸ್ವಾಗತಿಸಿದವರಲ್ಲಿ ಇವರೂ ಇದ್ದರು. ಆದರೂ ಕೇಳುತ್ತೇನೆ: ತುಟಿಗೆ ಗಾಯವಾದ ಒಂದು ಮೀನಿಗಾಗಿ ಮರುಗುವ ನಾವು, ಒಂದು ವಂಶವೇ ಅಳಿಯುವಾಗ ಮರುಗಿದೆವೆ? 1996ರಲ್ಲಿ ಶಿಶಿಲದ ದೇವರ ಮೀನುಗಳಿಗೆ ದುಷ್ಟರು ವಿಷವಿಕ್ಕಿದಾಗ ಊರಿಗೆ ಊರೇ ಅತ್ತಿತು, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿತು. ಅವು ದೇವಸ್ಥಾನದ ಮೆಟ್ಟಿಲಿಗೆ ಬಂದು ಮಂಡಕ್ಕಿ ತಿನ್ನುತ್ತಿದ್ದವು, ಗುರುತಿನ ಮುಖಗಳು. ಮುತ್ತತ್ತಿಯ ಕೆಳಗಿನ ಆಳದ ಮಡುವಿನ ಗೂನುಬೆನ್ನಿನವನ ಮುಖ ಗೊತ್ತಿದ್ದದ್ದು ಬೆಸ್ತರಿಗೆ ಮತ್ತು ಗಾಳದವರಿಗೆ ಮಾತ್ರ.

2024ರ ಜೂನ್‌ನಲ್ಲಿ ನಾರ್ವೆ ದೇಶದಲ್ಲಿ ಕಾಡು ಸಾಲ್ಮನ್ ಕುಸಿಯಿತೆಂದು 33 ನದಿಗಳಲ್ಲಿ ಗಾಳವನ್ನು ನಿಲ್ಲಿಸಿದರು. ನಿಷೇಧವನ್ನೇ ವಿರೋಧಿಸುವವನು ನಾನಲ್ಲ ಎನ್ನಲು ಇದನ್ನು ಹೇಳುತ್ತಿದ್ದೇನೆ. ಅಲ್ಲಿ ಎಣಿಸಿ, ಎಣಿಕೆ ತಗ್ಗಿದ್ದರಿಂದ ನಿಲ್ಲಿಸಿದರು; ನಿಲ್ಲಿಸಿದ ಮೇಲೂ ಎಣಿಸುತ್ತಿದ್ದಾರೆ. ಇಲ್ಲಿ ಗಾಳ ನಿಂತ ದಿನವೇ ಎಣಿಕೆಯೂ ನಿಂತಿತು. ಹದಿನಾಲ್ಕು ವರ್ಷ ದಿನವೂ ತುಂಬುತ್ತಿದ್ದ ದಿನಚರಿಯ ಪುಟ ಬರಿದಾಯಿತು. ಕಾವೇರಿಯ ಆ ಏಳು ಕಿಲೋಮೀಟರಿನಲ್ಲಿ ಇಂದು ಗೂನುಬೆನ್ನಿನವು ಎಷ್ಟಿವೆ ಎಂದು ಮರಿ ಸುರಿಯುವ ಗಣ್ಯರನ್ನು ಕೇಳಿ ನೋಡಿ. ಗಾಳ ಬೇಡವೆಂದರೆ ಬೇಡ. ಆದರೆ ಹಳೆಯ ಮಾರ್ಗದರ್ಶಿಗಳಲ್ಲಿ ಬದುಕಿರುವವರನ್ನು ಕರೆದು, ಸಂಬಳ ಕೊಟ್ಟು, ಕಾವಲಿಗೂ ಎಣಿಕೆಗೂ ಹಚ್ಚುವುದಕ್ಕೆ ಯಾವ ಕಾಯಿದೆ ಅಡ್ಡ ಬರುತ್ತದೆ? ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ ವರ್ಷಕ್ಕೆ ಕೆಲವು ದಿನ ಹಿಡಿದು, ಅಳೆದು, ಬಿಡಲು ಅನುಮತಿ ಕೊಟ್ಟರೆ ಮುಳುಗುವುದೇನು? ಕನಿಷ್ಠಪಕ್ಷ ನೀಲಿ ರೆಕ್ಕೆಯ ಮರಿಯನ್ನು ಕಾವೇರಿಯ ಬಳಗದ ಯಾವ ಹೊಳೆಗೂ ಇನ್ನು ಸುರಿಯಬಾರದೆಂಬ ಒಂದು ಸಾಲಿನ ಆದೇಶವನ್ನಾದರೂ ಹೊರಡಿಸಬಹುದು. ಅದಕ್ಕೆ ಶಾಮಿಯಾನದ ಖರ್ಚೂ ಇಲ್ಲ.

ನೀರಿನ ಮಾತನ್ನೂ ಆಡಿಬಿಡಬೇಕು. ನಾನು ಈಗ ಮಗನೊಡನೆ ಬೆಂಗಳೂರಿನಲ್ಲಿದ್ದೇನೆ. ನಲ್ಲಿ ತಿರುಗಿಸಿದರೆ ಬರುವುದು ತೊರೆಕಾಡನಹಳ್ಳಿಯಿಂದ ಏರಿಸಿದ ಕಾವೇರಿ. ಅದೇ ನೀರನ್ನು ನಾವು ಬಚ್ಚಲಿನ ಮೂಲಕ ವೃಷಭಾವತಿಗೆ ಕೊಡುತ್ತೇವೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಸಂಗಮದ ತುಸು ಮೇಲೆಯೇ ಗಾಳಿಬೋರೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ನಾವು ಪೂಜಿಸುವ ಹೊಳೆ ನಮ್ಮ ನೊರೆಯನ್ನು ಹೊತ್ತು ಬಿಳಿಮೀನಿನ ಮನೆಬಾಗಿಲಿಗೆ ಹೋಗುತ್ತದೆ. ಮರಳಿನ ಲಾರಿಗಳು ಹರಳುಹಾಸನ್ನು ಬಾಚಿಕೊಂಡು ಬರುತ್ತವೆ. ಮೇಲಿನ ಜಲಾಶಯಗಳು ತಮಗೆ ಬೇಕಾದಾಗ ತೆರೆದು ಬೇಕಾದಾಗ ಮುಚ್ಚುತ್ತವೆ. ಇನ್ನು ಮೇಕೆದಾಟು. 67 ಟಿಎಂಸಿಯ ಜಲಾಶಯ, 400 ಮೆಗಾವಾಟ್ ವಿದ್ಯುತ್ತಿನ ಪ್ರಸ್ತಾಪ. ತಮಿಳುನಾಡಿನೊಡನೆ ನಮಗಿರುವ ವ್ಯಾಜ್ಯದಲ್ಲಿ ನಾನು ಯಾರ ಪಕ್ಷವೆಂದು ಕೇಳಬೇಡಿ. ಮಂಡ್ಯ ಜಿಲ್ಲೆಯಲ್ಲಿ ಮೂವತ್ತು ವರ್ಷ ಅನ್ನ ತಿಂದವನನ್ನು ಅದನ್ನು ಕೇಳುವುದೂ ಸರಿಯಲ್ಲ. ಆದರೆ ಎರಡು ರಾಜ್ಯಗಳ ವಕೀಲರೂ ಟಿಎಂಸಿಯಲ್ಲಿ ಮಾತನಾಡುವಾಗ, ಹರಿಯುವ ನೀರು ನಿಂತ ನೀರಾದರೆ ಅದರಲ್ಲಿ ಯಾರು ಬದುಕುತ್ತಾರೆ ಎಂಬ ಪ್ರಶ್ನೆಯನ್ನು ಮೂರನೆಯ ಕಕ್ಷಿದಾರನಾಗಿ ನಿಂತು ಕೇಳುವವರೇ ಇಲ್ಲ. ಬೆಂಗಳೂರಿಗೆ ಇನ್ನಷ್ಟು ನೀರು ಬೇಕೆನ್ನುವ ಮೊದಲು ನಮ್ಮ ಬಚ್ಚಲಿನ ನೀರನ್ನು ತೊಳೆದು ಬಳಸಲು ಕಲಿಯೋಣವೆಂದು ಮಗನಿಗೆ ಹೇಳಿದೆ. “ಅಪ್ಪ, ನೀವು ಅಪಾರ್ಟ್‌ಮೆಂಟಿನ ಸಭೆಗೆ ಬನ್ನಿ” ಎಂದ. ಹೋದೆ. ಕಾರು ನಿಲ್ಲಿಸುವ ಜಾಗದ ಜಗಳದಲ್ಲೇ ಸಭೆ ಮುಗಿಯಿತು.

ಚಿತ್ರ ಕಳುಹಿಸಿದ ಶಿಷ್ಯರಿಗೆ ನನ್ನ ಮೇಲೆ ಬೇಸರವಾಗದಿರಲಿ. ಅವರ ಪ್ರೀತಿ ನನಗೆ ತಿಳಿದಿದೆ. ಮುಂದಿನ ಸಲ ಅಂತಹ ಕಾರ್ಯಕ್ರಮಕ್ಕೆ ಅವರಿಗೆ ಆಮಂತ್ರಣ ಬಂದರೆ ಚೀಲ ಬಿಚ್ಚುವ ಮೊದಲು, ನಾನು 1984ರಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳನ್ನು ಕೇಳಲಿ. ಅವರು ಗಣ್ಯರ ಸಾಲಿನಲ್ಲಿ ನಿಲ್ಲುವ ಸ್ಥಾನದಲ್ಲಿದ್ದಾರೆ. ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಇಲಾಖೆಗೆ ಅಷ್ಟು ಸುಲಭವಾಗದು.

ಇನ್ನೊಂದು ವಿನಂತಿ. ಕಾವೇರಿಯ ಹಳೆಯ ಮೀನುಗಳ ಛಾಯಾಚಿತ್ರಗಳಿಂದಲೇ ವಿಜ್ಞಾನಿಗಳು ಎಷ್ಟೋ ವಿಷಯಗಳನ್ನು ಗುರುತಿಸಿದ್ದಾರೆ. 1983ರ ಮುತ್ತತ್ತಿ ಪ್ರವಾಸದಲ್ಲಿ ಮಳವಳ್ಳಿಯಿಂದ ಬಂದಿದ್ದ ಛಾಯಾಗ್ರಾಹಕರು ದಂಡೆಯ ಮೇಲೆ ಒಂದು ಗುಂಪುಚಿತ್ರ ತೆಗೆದರು. ಮುಂದೆ ಮಲಗಿಸಿದ್ದ ಮೀನು, ಹಿಂದೆ ನೀವೆಲ್ಲ. ನನ್ನ ಪ್ರತಿ ಮನೆ ಬದಲಿಸುವಾಗ ಗೆದ್ದಲು ಹಿಡಿದು ಹಾಳಾಯಿತು. ನಿಮ್ಮಲ್ಲಿ ಯಾರ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಸ್ಕ್ಯಾನ್ ಮಾಡಿ ಕಳುಹಿಸಿ. ಕಪ್ಪು-ಬಿಳುಪಿನ ಚಿತ್ರ, ಬಾಲದ ಬಣ್ಣ ತಿಳಿಯದು. ಬೆನ್ನಿನ ಗೂನು ಮಾತ್ರ ಸ್ಪಷ್ಟವಾಗಿ ಕಾಣಬೇಕು. ಬಲತುದಿಯಲ್ಲಿ, ಎರಡೂ ಕೈಗಳ ಬೆರಳುಗಳನ್ನು ಅಗಲಿಸಿ ಮೀನಿನ ಉದ್ದ ತೋರಿಸುತ್ತ ನಿಂತಿರುವವನು ಅವನೇ.